ಎರಡೂವರೆ ಕಿಲೋ ಕಂಬಳಿ

ಈರುಳ್ಳಿ ಚೀಲವನ್ನು ಕೈಯಿಂದ ಎತ್ತಿ ನೋಡದೆ ಕೊಳ್ಳಬೇಡಿ. ತಕ್ಕಡಿ ಸುಳ್ಳು ಹೇಳುತ್ತದೆ, ಮಾರುವವನು ಸುಳ್ಳು ಹೇಳುತ್ತಾನೆ, ಚೀಲದ ಮೇಲೆ ಬರೆದ ಅಂಕೆ ಇರುವುದೇ ಸುಳ್ಳು ಹೇಳುವುದಕ್ಕೆ. ಈ ಬುದ್ಧಿ ನನ್ನ ಸ್ವಂತದ್ದಲ್ಲ. ವಡೋದರಾದ ಮಂಜಲ್‌ಪುರದಲ್ಲಿರುವ ನನ್ನ ಹೋಟೆಲಿಗೆ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರುತ್ತಿದ್ದ ಒಬ್ಬರಿಂದ ಕಲಿತದ್ದು. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು.

ಗದಗಿನ ಕಡೆಯವರು. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾಗಿ, ಮಕರಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿಯ ಕಾವಲಿಗೆ ಬಂದಿದ್ದರು. ನಾವೆಲ್ಲ ಹವಾಲ್ದಾರ್ರೇ ಎಂದೇ ಕರೆಯುತ್ತಿದ್ದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಅದನ್ನು ಒಂದು ಸಲ ಅಚ್ಚು ಹಾಕಿಸಿ ನಾನು ಮಾಡಿದ ಉಪಕಾರವೇ ಸಾಕು.

ಗುಜರಾತಿನ ಭೂಕಂಪವಾದ ಮರುವರ್ಷ ಇರಬೇಕು, ಅವರು ಮೊದಲ ಸಲ ಬಂದದ್ದು. ಬಾಗಿಲಲ್ಲಿ ಆಗ ತಾನೇ ಇಳಿಸಿದ ಈರುಳ್ಳಿ ಚೀಲ ದಾರಿಗೆ ಅಡ್ಡವಾಗಿತ್ತು. ಅವರು ಅದನ್ನು ದಾಟದೆ, ಅಂಗೈಯನ್ನು ಅಡಿಗೆ ಕೊಟ್ಟು, ಕಣ್ಣು ಮುಚ್ಚಿ, ಒಂದು ಗೇಣು ಎತ್ತಿ, ಗೋಡೆಗೆ ಸರಿಸಿಟ್ಟರು.

"ಸಾಹುಕಾರ್ರ, ಇದು ಐವತ್ತಂತ ತಗೊಂಡೀರೇನ್ರಿ?"

"ಐವತ್ತೇ. ಚೀಲದ ಮೇಲೆ ಉಂಟಲ್ಲ."

"ನಾಲ್ವತ್ತೇಳ ಐತ್ರಿ."

ನಾನು ಅಹಮದಾಬಾದಿನ ಮಣಿನಗರದ ಸ್ಟೇಷನ್ ಎದುರು ಮಾವನ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರು ಮಾಡಿ ಮೇಲೆ ಬಂದವನು. ಅಂಥ ಮಾತನ್ನು ಕೇಳಿ ಸುಮ್ಮನಿರುವ ಜಾತಿಯಲ್ಲ. ಪಕ್ಕದ ಗುಜರಿ ಅಂಗಡಿಯ ತೂಕದ ಕಾಟಾಕ್ಕೆ ಚೀಲವನ್ನು ಹೊರಿಸಿಕೊಂಡು ಹೋದೆ. ನಾಲ್ವತ್ತೇಳು ಕಿಲೋ, ಮೇಲೆ ಒಂದು ಹಿಡಿ. ಮುಂದಿನ ಭಾನುವಾರದಿಂದ ಮಾರ್ಕೆಟ್ಟಿಗೆ ಹೋಗುವಾಗ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಹೋದೆ. ಅವರು ಎತ್ತಿ ಅಂಕೆ ಹೇಳುವರು, ನಾನು ಮಾತಾಡುವೆನು. ಒಂದೇ ತಿಂಗಳಲ್ಲಿ ವ್ಯಾಪಾರಿಗಳು ನಮ್ಮಿಬ್ಬರನ್ನು ಕಂಡರೆ ತಾವೇ ಎರಡು ಮುಷ್ಟಿ ಹೆಚ್ಚಿಗೆ ಸುರಿಯುತ್ತಿದ್ದರು. ಇಷ್ಟಕ್ಕೆಲ್ಲ ಅವರು ನನ್ನಿಂದ ತೆಗೆದುಕೊಂಡದ್ದು ಚಹಾ ಮಾತ್ರ. ಇಡ್ಲಿಗೆ ದುಡ್ಡು ಕೊಟ್ಟೇ ಹೋಗುತ್ತಿದ್ದರು.

"ಇದು ಕೈಗೆ ಹ್ಯಾಗೆ ಗೊತ್ತಾಗ್ತದೆ ಹವಾಲ್ದಾರ್ರೇ?" ಎಂದು ಕೇಳಿದ್ದಕ್ಕೆ, "ಕೈಗೆ ಅಲ್ರಿ. ಹೆಗಲಿಗೆ ಗೊತ್ತಾಗತೈತಿ" ಅಂದಿದ್ದರು.

ಅವರ ಎಡ ಹೆಗಲಿಗೆ ಒಂದು ಅಭ್ಯಾಸವಿತ್ತು. ಮಾತಿನ ನಡುವೆ, ತಿಂಡಿಯ ನಡುವೆ ಅದು ತಾನಾಗಿ ಒಂದು ಸಲ ಮೇಲೇಳುತ್ತಿತ್ತು. ಚೀಲದ ಪಟ್ಟಿ ಜಾರಿದರೆ ಸರಿ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಹೆಗಲ ಮೇಲೆ ಏನೂ ಇರುತ್ತಿರಲಿಲ್ಲ. ನನ್ನ ಹೆಂಡತಿ ಅದನ್ನು ಉಳುಕು ಎಂದುಕೊಂಡು, ಊರಿಂದ ತರಿಸಿದ ಎಣ್ಣೆಯ ಸೀಸೆಯನ್ನು ನನ್ನ ಕೈಯಲ್ಲಿ ಕೊಡಿಸಿದಳು. ದಿನಕ್ಕೆ ಎರಡು ಸಲ ತಿಕ್ಕಿ, ಬಿಸಿನೀರು ಹಾಕಿ ಎಂದು ನಾನೂ ಉಪದೇಶ ಮಾಡಿದೆ. ಅವರು ಸೀಸೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ಮುಕ್ಕಾಲ ಕಿಲೋ. ವೈನಿಯವರಿಗೆ ಭಾಳ ಉಪಕಾರ ಆತಂತ ಹೇಳ್ರಿ. ಇದಕ್ಕ ಎಣ್ಣಿ ಇಲ್ರಿ" ಎಂದು ನಕ್ಕರು.

ಕನ್ನಡ ಸಂಘದ ಪುಸ್ತಕದ ಕಪಾಟು ನನ್ನ ಹೋಟೆಲಿನ ಮಹಡಿಯಲ್ಲಿದೆ. ಸಂಘಕ್ಕೆ ಬೇರೆ ಜಾಗವಿಲ್ಲ, ನನಗೆ ಮಹಡಿಯಲ್ಲಿ ಬೇರೆ ಉಪಯೋಗವಿರಲಿಲ್ಲ. ಹವಾಲ್ದಾರರು ಅಲ್ಲಿಂದ ಯುದ್ಧದ ಕಾದಂಬರಿಗಳನ್ನು ಮಾತ್ರ ಒಯ್ಯುತ್ತಿದ್ದರು. ಒಂದು ದಿನ ಸಂಘದ ಕಾರ್ಯದರ್ಶಿ, ಬಾಡಿಗೆ ಫ್ಲಾಟಿನಲ್ಲಿ ಒಬ್ಬನೇ ಇದ್ದ ಮೈಸೂರಿನ ಎಂಜಿನಿಯರ್ ಹುಡುಗ, ಮೂರು ಪುಸ್ತಕಗಳನ್ನು ತಂದು ನನ್ನ ಗಲ್ಲಾದ ಮೇಲೆ ಹಾಕಿದ.

"ನೋಡಿ ಸಾರ್, ನಿಮ್ಮ ಸ್ನೇಹಿತರು ಮಾಡಿರೋ ಕೆಲಸ. ಪ್ರತಿ ಪುಟದಲ್ಲೂ ಪೆನ್ಸಿಲು."

ನೋಡಿದೆ. ಒಂದು ಕಡೆ ನಾಯಕ ಬಂಡೆಯಿಂದ ಬಂಡೆಗೆ ಹಾರುತ್ತಾನೆ. ಅಂಚಿನಲ್ಲಿ ಸಣ್ಣ ಅಕ್ಷರ: "ಬೆನ್ನಿನ ಚೀಲ ಎಲ್ಲಿ ಹೋತು?" ಇನ್ನೊಂದು ಕಡೆ ನಾಲ್ಕು ದಿನ ಬೆಟ್ಟ ಹತ್ತುತ್ತಾರೆ. ಅಂಚಿನಲ್ಲಿ: "ಇವರ ನೀರು ಯಾರು ಹೊರತಾರ?" ಮತ್ತೊಂದರಲ್ಲಿ ನಾಯಕನ ಜೊತೆಗಾರ ಸಾಯುತ್ತಾನೆ, ಮುಂದಿನ ಅಧ್ಯಾಯದಲ್ಲಿ ನಾಯಕ ಊರಿಗೆ ಬಂದು ಮದುವೆಯಾಗುತ್ತಾನೆ. ಅಲ್ಲಿ ಎರಡೇ ಪದ. "ಇಷ್ಟು ಲಗೂ?"

ಮರುದಿನ ನಾನು ಅವರನ್ನು ತಮಾಷೆ ಮಾಡಿದೆ. "ಎಂತ ಹವಾಲ್ದಾರ್ರೇ, ಪುಸ್ತಕಕ್ಕೂ ಕಾಟಾ ಹಾಕ್ತೀರಂತೆ?"

"ತಪ್ಪಾತ್ರಿ. ರಬ್ಬರಲೇ ಅಳಸ್ತೇನಿ. ಆದರ ಸಾಹುಕಾರ್ರ, ಈ ಕತಿ ಬರಿಯೋರು ಸಿಪಾಯಿ ಕೈಯಾಗ ಬಂದೂಕ ಕೊಟ್ಟ ಬಿಟ್ಟ ಬಿಡತಾರ. ಉಳಿದದ್ದು ಕೊಡಂಗಿಲ್ಲ."

"ಹಾಗಾದ್ರೆ ನೀವೇ ಬರೀರಿ ಮಾರಾಯ್ರೆ. ಈ ಸಲದ ರಾಜ್ಯೋತ್ಸವದ ಸಂಚಿಕೆಗೆ ಹಾಕುವ."

ಬಾಯಿಗೆ ಬಂದದ್ದನ್ನು ಅಂದದ್ದು. ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲಹೆ ಕೊಡುವುದು ನನ್ನ ಚಟ. ಯಾರೂ ಪಾಲಿಸುವುದಿಲ್ಲ, ಯಾರಿಗೂ ನಷ್ಟವಿಲ್ಲ. ಇವರು ಪಾಲಿಸಿದರು. ಮೂರು ತಿಂಗಳ ನಂತರ ಗೇಟಿನಲ್ಲಿ ಬಂದುಹೋದವರ ಹೆಸರು ಬರೆಯುವಂಥ ಒಂದು ಉದ್ದನೆಯ ರಿಜಿಸ್ಟರನ್ನು ತಂದು ಕೊಟ್ಟರು. ಹೆಸರು, ವಾಹನದ ನಂಬರು, ಹೊತ್ತು ಎಂದು ಅಚ್ಚಾದ ಕಾಲಮುಗಳ ಮೇಲೆ ಅಡ್ಡಡ್ಡ ಬರೆದ ಕಥೆ. ಮೂವತ್ತೆಂಟು ಪುಟ.

ಸಂಚಿಕೆಯ ಉಸ್ತುವಾರಿ ನನ್ನದು. ನಾನು ಓದಿದವನು ಎಂದಲ್ಲ. ಗುಜರಾತಿನ ನಮ್ಮ ಭಾಗದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಜೋಡಿಸುವವರು ಸಿಗುವುದು ಕಷ್ಟ, ಅಹಮದಾಬಾದಿನಲ್ಲಿ ಇದ್ದ ಒಬ್ಬರ ಹತ್ತಿರ ಚೌಕಾಸಿ ಮಾಡಬಲ್ಲವನು ನಾನೊಬ್ಬನೇ ಎಂದು. ಪುಟ ಜಾಸ್ತಿಯಾದರೆ ಆ ಮನುಷ್ಯ ತಿಂಗಳು ದೂಡುತ್ತಿದ್ದ. ಹಾಗಾಗಿ ಎಲ್ಲರ ಬರಹವನ್ನೂ ಕತ್ತರಿಸುವ ಅಧಿಕಾರ ನನಗೆ ಬಂದಿತ್ತು, ಅದರಲ್ಲಿ ಸಂತೋಷವೂ ಬಂದಿತ್ತು.

ಕಥೆಯಲ್ಲಿ ಇಬ್ಬರು ಸಿಪಾಯಿಗಳು. ಒಬ್ಬ ಹೇಳುವವನು, ಇನ್ನೊಬ್ಬ ಈರಣ್ಣ. ಯುದ್ಧದ ಕಾಲ, ಹಿಮದ ಬೆಟ್ಟ. ಈರಣ್ಣನ ಚೀಲದಲ್ಲಿ ಸರಕಾರದ ಸಾಮಾನಿನ ಜೊತೆ ಅವನ ತಾಯಿ ಊರಿನಲ್ಲಿ ನೇಯಿಸಿ ಕಳಿಸಿದ ಕರಿ ಕಂಬಳಿ. ಇಬ್ಬರೂ ಮೇಲೆ ಹತ್ತುತ್ತಾರೆ, ಒಬ್ಬನೇ ಇಳಿಯುತ್ತಾನೆ. ಅಷ್ಟೇ ಕಥೆ. ನಡುವೆ ಒಂದು ಪುಟ ಹೀಗಿತ್ತು:

"ಕಲ್ಲಿನ ಹತ್ತಿರ ಸಾಹೇಬರು ಹೇಳಿದರು, ಬೇಡಾದದ್ದು ಇಲ್ಲೇ ಇಟ್ಟು ಹಗುರಾಗಿ ಹತ್ತಿರಿ ಅಂತ. ಯಾರ ಚೀಲ ಎಷ್ಟು ಅಂತ ಎತ್ತಿ ನೋಡಿ ಹೇಳುವ ಕೆಲಸ ನನ್ನದು. ಈರಣ್ಣನದು ಭಾಳ ಆಗಿತ್ತು. ಕಂಬಳಿ ತೆಗಿ ಅಂದೆ. ಅವ್ವ ಕಳಿಸ್ಯಾಳ, ಇರಲಿ ಅಂದ. ಎರಡೂವರೆ ಕಿಲೋ ಐತಿ, ಅದರ ಬದಲಿ ಒಂದು ಗುಂಡಿನ ಡಬ್ಬಿ ಬರತೈತಿ, ನಾಳೆ ಇಳಿದು ಬಂದು ತಗೊಳ್ಳೋಣ ಅಂದೆ. ನಾನು ಹೇಳಿದೆ ಅಂತ ತೆಗೆದ. ಮೇಲೆ ಮೂರು ದಿನ ಆತು. ಆ ಡಬ್ಬಿ ತೆರೆಯುವ ಪ್ರಸಂಗ ಬರಲೇ ಇಲ್ಲ. ನಾಲ್ಕನೇ ದಿನ ಬೆಳಕು ಹರಿದಾಗ ಈರಣ್ಣ ಏಳಲಿಲ್ಲ. ಮೈಮೇಲೆ ಒಂದು ಗಾಯ ಇಲ್ಲ. ಇಳಿಯುವಾಗ ಕಲ್ಲಿನ ಹತ್ತಿರ ಕಂಬಳಿ ಮಡಿಚಿದ್ದು ಮಡಿಚಿದಂತೇ ಇತ್ತು."

ತಿಂಡಿಯ ಗದ್ದಲ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡೆ.

"ಮೂವತ್ತೆಂಟು ಆಗುದಿಲ್ಲ. ಆರು ಪುಟ ಕೊಡ್ತೇನೆ."

"ಹನ್ನೆರಡ ಮಾಡ್ರಿ."

"ಎಂಟು. ಮತ್ತೆ ಈ ಕಂಬಳಿಯ ಪುಟ ಬೇಡ. ಸೈನಿಕ ಚಳಿಗೆ ಸತ್ತ ಅಂತ ರಾಜ್ಯೋತ್ಸವದ ದಿನ ಯಾರು ಓದ್ತಾರೆ? ಗುಂಡು ತಾಗಲಿ. ನಿಮ್ಮವನು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಕೆಳಗೆ ತರಲಿ. ಜನ ಅಳ್ತಾರೆ."

ಅವರ ಹೆಗಲು ಎರಡು ಸಲ ಎದ್ದಿತು.

"ಸಾಹುಕಾರ್ರ, ಆ ಒಂದ ಪುಟ ಇಡ್ರಿ. ಉಳಿದದ್ದು ಎಲ್ಲಾ ತಗದ ಹಾಕ್ರಿ."

ವ್ಯಾಪಾರ ಮಾಡುವ ತರುಣರಿಗೆ ನಾನು ಯಾವಾಗಲೂ ಹೇಳುವ ಒಂದು ಮಾತಿದೆ. ಎದುರಿನವನು ಯಾವುದನ್ನು ಬಿಡಲಾರನೋ ಅದು ಗೊತ್ತಾದ ಕ್ಷಣ ಗೆಲುವು ನಿಮ್ಮದು. ಅಂದು ನನಗೆ ಅದು ಗೊತ್ತಾಯಿತು. ಗೊತ್ತಾದ ಮೇಲೆ, ಆ ಮನುಷ್ಯನಿಗೆ ಆ ಪುಟ ಯಾಕೆ ಅಷ್ಟು ಬೇಕು ಎಂದು ಕೇಳುವ ಬದಲು, ಇನ್ನೂ ಬಿಗಿಯಾಗಿ ಕೂತೆ.

"ಉಳಿದದ್ದು ಎಷ್ಟು ಬೇಕಾದರೂ ಇಡುವ. ಅದೊಂದು ಮಾತ್ರ ಆಗುದಿಲ್ಲ."

ಕೊನೆಗೆ ಅವರು ಎರಡು ಷರತ್ತು ಹಾಕಿದರು. ಈರಣ್ಣ ಎಂಬ ಹೆಸರು ಬದಲಿಸಬಾರದು. ಮೊದಲ ಪುಟದಲ್ಲಿ ಚೀಲಕ್ಕೆ ಕಂಬಳಿ ಹಾಕುತ್ತಾನಲ್ಲ, ಆ ಒಂದು ಸಾಲು ಇರಬೇಕು. ಎರಡೂ ಜುಜುಬಿ. ಒಪ್ಪಿದೆ. ಗೆದ್ದೆ ಎಂದುಕೊಂಡು ಸ್ಪೆಷಲ್ ಚಹಾ ತರಿಸಿದೆ.

ಜನ ಅತ್ತರು, ನಾನು ಹೇಳಿದ ಹಾಗೆಯೇ. ರಾಜ್ಯೋತ್ಸವದ ಸಭೆಯಲ್ಲಿ ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವಳು, ಕೊನೆಯ ಪುಟವನ್ನು ಮೈಕಿನ ಮುಂದೆ ಓದಿದಳು. ಹೊತ್ತು ತರುವ ಜಾಗ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ನಾನೇ ಹವಾಲ್ದಾರರಿಗೆ ಶಾಲು ಹೊದಿಸಿದೆ. ಇದು ಕಥೆಯಲ್ಲ, ಇವರ ಸ್ವಂತ ಅನುಭವ ಎಂದು ಮೈಕಿನಲ್ಲಿ ಹೇಳಿಯೂ ಬಿಟ್ಟೆ. ನನಗೆ ಗೊತ್ತಿರಲಿಲ್ಲ, ಅಂದಾಜಿಗೆ ಅಂದೆ. ಅವರು ಕ್ಯಾಮೆರಾದ ಕಡೆಗೂ ನೋಡದೆ, ಶಾಲನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. ಹೋಗುವಾಗ ಸಂಚಿಕೆಯ ಎರಡು ಪ್ರತಿ ಕೇಳಿದರು.

ಒಂದು ಪ್ರತಿ ಎಲ್ಲಿಗೆ ಹೋಯಿತು ಎಂದು ತಿಳಿದದ್ದು ಎರಡು ತಿಂಗಳಾದ ಮೇಲೆ. ಸಂಕ್ರಾಂತಿಯ ಮುಂಚೆ, ಬೀದಿಯಲ್ಲೆಲ್ಲ ಗಾಳಿಪಟದ ದಾರಕ್ಕೆ ಬಣ್ಣ ತಿಕ್ಕುವ ಕಾಲ. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ತರುಣ ಬಂದು ಗಲ್ಲಾದ ಮುಂದೆ ನಿಂತ. ಉಗುರುಗಳೆಲ್ಲ ನೀಲಿ. ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕೆಲಸವಂತೆ. ಕೈಯಲ್ಲಿ ನಮ್ಮ ಸಂಚಿಕೆ.

"ಈ ಕತಿ ಬರದವರು ಎಲ್ಲಿ ಸಿಗತಾರ್ರಿ? ನಾ ಈರಣ್ಣನ ತಮ್ಮ."

ಕಥೆಯ ಈರಣ್ಣನಿಗೆ ತಮ್ಮನಿದ್ದಾನೆ ಎಂದರೆ ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹವಾಲ್ದಾರರ ಕೋಣೆಗೆ ಹೇಳಿಕಳಿಸಿದೆ. ಅವರು ಬಂದು ಬಾಗಿಲಲ್ಲಿ ನಿಂತದ್ದೇ, ತರುಣ ಎದ್ದು ಹೋಗಿ ಅವರ ಕಾಲಿಗೆ ಬಿದ್ದ. ಮೂಲೆಯ ಟೇಬಲ್ಲಿನಲ್ಲಿ ಇಬ್ಬರನ್ನೂ ಕೂರಿಸಿದೆ. ನಾನು ಗಲ್ಲಾ ಬಿಟ್ಟು ಹತ್ತಿರವೇ ನಿಂತೆ. ನಿಲ್ಲಬೇಕಾಗಿರಲಿಲ್ಲ.

"ಸರಕಾರದ ಕಾಗದದಾಗ ಚಳಿಯಿಂದ ತೀರಿಕೊಂಡಾನಂತ ಬರದಿತ್ರಿ" ಎಂದ ತರುಣ. "ಅವ್ವ ಅದನ್ನ ನಂಬಲೇ ಇಲ್ಲ. ನಾ ಕಂಬಳಿ ಕಳಿಸಿದ್ದೆ, ನನ್ನ ಮಗಗ ಚಳಿ ಹೆಂಗ ಹತ್ತತೈತಿ ಅಂತ ನಾಕ ವರ್ಷ ಕುಂತಲ್ಲೆ ಕೇಳಿದಳು. ಈಗ ನಿಮ್ಮ ಕತಿ ಓದಿ ಹೇಳೇನಿ. ಕಾಗದ ಸುಳ್ಳ, ಗುಂಡ ಹತ್ತಿ ಸತ್ತಾನ, ನಿಮ್ಮ ಹೆಗಲ ಮ್ಯಾಲೆ ಬಂದಾನಂತ."

ಹವಾಲ್ದಾರರು ಅವನ ಮುಖ ನೋಡುತ್ತಿದ್ದರು.

"ಒಂದ ಮಾತ ಕೇಳಿ ಬಾ ಅಂದಾಳ್ರಿ. ಮೊದಲನೇ ಪುಟದಾಗ ಕಂಬಳಿ ಐತಿ. ಆಮ್ಯಾಲೆ ಇಲ್ಲ. ಅದು ಏನಾತ್ರಿ?"

ಹವಾಲ್ದಾರರ ಹೆಗಲು ಎದ್ದಿತು, ಎದ್ದದ್ದು ಇಳಿಯಲಿಲ್ಲ. ಲೋಟದ ನೀರು ಕುಡಿದು, "ಈರಣ್ಣನ ಕಂಬಳಿ..." ಎಂದು ಶುರು ಮಾಡಿದರು.

"ಅದನ್ನೇ ಅಲ್ವಾ ಹೊದಿಸಿದ್ದು" ಎಂದೆ ನಾನು. "ಕೊನೆಗೆ ಇವರೇ ಅವನಿಗೆ ಅದನ್ನು ಹೊದಿಸಿದ್ದು. ನನಗೆ ಹೇಳಿದ್ರು. ಪುಟ ಸಾಲದೆ ನಾನೇ ತೆಗೆದದ್ದು."

ತರುಣ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತ. ಹವಾಲ್ದಾರರು ಅವನ ಬೆನ್ನ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಕರುಣೆಯಿಂದ ಹೇಳಿದೆ ಎಂದು ಬಹಳ ದಿನ ನಂಬಿಕೊಂಡೆ. ಈಗ ಚೌಕಾಸಿ ಇಲ್ಲದೆ ಬರೆಯುತ್ತೇನೆ. ಇಡೀ ಸಭೆಯ ಎದುರು ಇದು ಸ್ವಂತ ಅನುಭವ ಎಂದು ಮೈಕಿನಲ್ಲಿ ಹೇಳಿದವನು ನಾನು. ಅವರು ಬಾಯಿ ಬಿಟ್ಟರೆ ನನ್ನ ಮಾತು ಸುಳ್ಳಾಗುತ್ತಿತ್ತು. ಕರುಣೆ ಇತ್ತು, ಇಲ್ಲವೆನ್ನುವುದಿಲ್ಲ. ಚೀಲದ ಮೇಲ್ಭಾಗದಲ್ಲಿ ಒಳ್ಳೆಯ ಈರುಳ್ಳಿ ಇಡುತ್ತಾರಲ್ಲ, ಅಷ್ಟಿತ್ತು.

ತರುಣ ರೈಲಿಗೆ ಹೋದ ಮೇಲೆ ಹವಾಲ್ದಾರರು ಅದೇ ಟೇಬಲ್ಲಿನಲ್ಲಿ ಕೂತಿದ್ದರು.

"ನಾ ಹೇಳಾಂವ ಇದ್ದೆರಿ, ಸಾಹುಕಾರ್ರ."

ಆಗ ಎಲ್ಲ ಹೇಳಿದರು. ಊರ ಹತ್ತಿರವೇ ಕೆಲಸ ಸಿಕ್ಕಿದ್ದರೂ ಬಿಟ್ಟು ಈ ರಾಜ್ಯಕ್ಕೆ ಬಂದದ್ದೇ ಈರಣ್ಣನ ತಮ್ಮ ಸಚಿನ್‌ನಲ್ಲಿದ್ದಾನೆ ಎಂದು. ಮೂರು ಸಲ ರೈಲು ಹತ್ತಿ ಮಿಲ್ಲಿನ ಗೇಟಿನವರೆಗೆ ಹೋಗಿ, ಪಾಳಿ ಬಿಟ್ಟು ಬರುವ ಜನರಲ್ಲಿ ಅವನನ್ನು ಗುರುತಿಸಿಯೂ, ಮಾತಾಡದೆ ವಾಪಸು ಬಂದದ್ದು. ಬಾಯಿಂದ ಆಗಲಿಲ್ಲವೆಂದು ಬರೆದದ್ದು. ನಾನು ಆ ಪುಟ ತೆಗೆದ ಮೇಲೆ, ಮೊದಲ ಪುಟದ ಕಂಬಳಿಯಾದರೂ ಉಳಿಯಲಿ ಎಂದದ್ದು. "ಅಂವ ಕೇಳ್ತಾನ ಅಂತ ಗೊತ್ತಿತ್ರಿ. ಕೇಳಿದರ ಹೇಳಬೇಕಾಗತೈತಿ. ಅದಕ್ಕ ಇಟ್ಟಿದ್ದೆ."

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಹೋಗಿದ್ದರೆ ತರುಣ ಪ್ಲಾಟ್‌ಫಾರ್ಮಿನಲ್ಲೇ ಸಿಗುತ್ತಿದ್ದ. ನಾನು ಸಲಹೆ ಕೊಟ್ಟೆ. "ಆದದ್ದಾಯಿತು, ಬಿಡಿ. ಆ ತಾಯಿ ನೆಮ್ಮದಿಯಲ್ಲಿ ನಿದ್ದೆ ಮಾಡ್ಲಿ. ನೀವೂ ಹಗುರ ಮಾಡ್ಕೊಳ್ಳಿ."

"ಹಗುರ" ಎಂದು ಆ ಪದವನ್ನೊಂದನ್ನೇ ತಿರುಗಿ ಹೇಳಿ ಅವರು ಎದ್ದು ಹೋದರು.

ಹೋಳಿಯ ಹೊತ್ತಿಗೆ ಸಚಿನ್‌ನಿಂದ ತರುಣ ಮತ್ತೆ ಬಂದ. ತಾಯಿ ಊರಿನಿಂದ ಹೊಸ ಕಂಬಳಿ ನೇಯಿಸಿ ಕಳಿಸಿದ್ದಳು, ನನ್ನ ಮಗನಿಗೆ ಹೊದಿಸಿದವರಿಗೆ ಕೊಡು ಎಂದು. ಹವಾಲ್ದಾರರು ಎರಡೂ ಕೈ ಚಾಚಿ ತೆಗೆದುಕೊಂಡರು. ನಾನು ಅಭ್ಯಾಸಬಲದಿಂದ, "ಎಷ್ಟುಂಟು?" ಎಂದೆ. ಅವರು ಹೇಳಲಿಲ್ಲ.

ಆಮೇಲೆ ಆ ಕಂಬಳಿ ಅವರ ಎಡ ಹೆಗಲ ಮೇಲೆಯೇ ಇತ್ತು. ವಡೋದರಾದ ಮೇ ತಿಂಗಳಿನಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಾಗಲೂ, ಅದನ್ನು ಹಾಕಿಕೊಂಡೇ ಡ್ಯೂಟಿಗೆ ಹೋಗುವರು. "ಹವಾಲ್ದಾರ್‌ಜೀಗೆ ಚಳಿಯಂತೆ" ಎಂದು ಆಟೋದವರು ನಗುತ್ತಿದ್ದರು. ಹೆಗಲು ಎಗರುವುದು ನಿಂತಿತು. ಮಾರ್ಕೆಟ್ಟಿಗೆ ಒಂದೆರಡು ಸಲ ಬಂದರು. ಚೀಲ ಎತ್ತಿದರು, ಕಣ್ಣು ಮುಚ್ಚಿದರು, ಇಳಿಸಿದರು. "ತಿಳಿವಲ್ದರಿ" ಅಂದರು. ಆಮೇಲೆ ನಾನೂ ಕರೆಯಲಿಲ್ಲ. ಪುಸ್ತಕ ಒಯ್ಯುವುದನ್ನೂ ಬಿಟ್ಟರು. ಇಡ್ಲಿ ತಿಂದು, ದುಡ್ಡು ಕೊಟ್ಟು, ಸಣ್ಣದಾಗಿ ನಕ್ಕು ಹೋಗುವರು. ಹೀಗೆ ಎರಡು ವರ್ಷ. ಒಂದು ಬೆಳಿಗ್ಗೆ ಏಳಕ್ಕೆ ಬರಲಿಲ್ಲ. ಎದೆ ಹಿಡಿದುಕೊಂಡಿತಂತೆ, ಗೇಟಿನ ಕುರ್ಚಿಯಲ್ಲೇ.

ಕೋಣೆ ಖಾಲಿ ಮಾಡಲು ಊರಿನಿಂದ ಅವರ ಹೆಂಡತಿ ಬಂದರು. ರಿಜಿಸ್ಟರನ್ನೂ ಕಂಬಳಿಯನ್ನೂ ತಂದು ನನ್ನ ಗಲ್ಲಾದ ಮೇಲಿಟ್ಟರು.

"ನಿಮಗ ಕೊಡಂತ ಅವರೇನೂ ಹೇಳಿರಲಿಲ್ರಿ. ಯಾರಿಗೆ ಕೊಡೋದಂತ ನನಗ ತಿಳೀಲಿಲ್ಲ. ನಿಮಗ ತಿಳೀಬಹುದು."

ತಿಳಿದಿತ್ತು. ಆದರೂ ಮೂರು ತಿಂಗಳು ತಡೆದೆ. ಹೋದ ವಾರ ಸೂರತ್ತಿನ ರೈಲು ಹತ್ತಿದೆ.

ಮಿಲ್ಲಿನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಈರಣ್ಣನ ತಮ್ಮ ಸಿಕ್ಕಿದ. ತಾಯಿ ಹೋದ ವರ್ಷ ತೀರಿಕೊಂಡಳೆಂದು ಹೇಳಿದ. ರಿಜಿಸ್ಟರು ತೆರೆದು ಆ ಪುಟ ತೋರಿಸಿದೆ. ಹವಾಲ್ದಾರರ ತಪ್ಪಿಲ್ಲ, ಅವರು ಹೇಳಲು ಹೊರಟಿದ್ದರು, ಬಾಯಿ ಹಾಕಿದವನು ನಾನು ಎಂದೂ ಹೇಳಿದೆ. ಅವನು ನೀಲಿ ಬೆರಳನ್ನು ಸಾಲಿನ ಕೆಳಗಿಟ್ಟು ಓದಿದ. ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಚಹಾ ತಣ್ಣಗಾಯಿತು.

"ಅವರು ಹೇಳಿದ್ದರ ನಾ ಒಂದ ದಿನ ಬೈತಿದ್ದೆರಿ" ಎಂದ. "ಹೊಡಿಯಾಕೂ ಹೋಗತಿದ್ದೆ, ಸುಳ್ಳ ಯಾಕ. ಎರಡನೇ ದಿನ ಅವರ ಕೂಡ ಕುಂತು ಊಟ ಮಾಡತಿದ್ದೆ. ನಮ್ಮಣ್ಣನ ಕೊನಿ ಮೂರ ದಿನ ಗೊತ್ತಿದ್ದಾವರು ಅವರೊಬ್ಬರ. ಕೇಳಬೇಕಂದರ ಈಗ ಯಾರಿದ್ದಾರ?"

ನನ್ನ ಹತ್ತಿರ ಇದ್ದ ಉತ್ತರಗಳೆಲ್ಲ ಸಲಹೆಗಳು. ಕಂಬಳಿಯನ್ನು ಅವನ ಕಡೆ ಸರಿಸಿದೆ. ನಿಮ್ಮ ತಾಯಿಯದು, ನಿಮ್ಮಲ್ಲೇ ಇರಲಿ ಎಂದೆ. ಅವನು ಅದರ ಅಂಚನ್ನು ಒಂದು ಸಲ ಸವರಿ, ನನ್ನ ಕಡೆಗೇ ದೂಡಿದ. ರಿಜಿಸ್ಟರನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡ.

"ಹೊದಿಸಿದ್ದು ಅಂತ ಹೇಳಿದವರು ನೀವ. ನಿಮ್ಮ ಕಡೇನ ಇರ್ಲಿ."

ಪಾಳಿಯ ಸೈರನ್ ಆಯಿತು. ಅವನು ತಿರುಗಿ ನೋಡದೆ ಗೇಟಿನ ಒಳಗೆ ಹೋದ.

ವಾಪಸು ಬರುವ ರೈಲಿನಲ್ಲಿ ಕಂಬಳಿ ನನ್ನ ತೊಡೆಯ ಮೇಲಿತ್ತು. ಸೆಕೆಗೆ ತೊಡೆಯೆಲ್ಲ ಒದ್ದೆಯಾಗಿತ್ತು. ಎದುರಿಗೆ ಕೂತ ಗುಜರಾತಿ ಹೆಂಗಸು ನೋಡಲಾರದೆ, "ಉಪರ್ ಮೂಕೀ ದೋ ನೇ ಕಾಕಾ" ಎಂದು ತಲೆಯ ಮೇಲಿನ ಹಲಗೆ ತೋರಿಸಿದಳು. ಜಾಗ ಇತ್ತು. ಇರಲಿ ಎಂದೆ. ಭರೂಚ್ ದಾಟಿದ ಮೇಲೆ, ಅವಳಿಗೆ ನಿದ್ದೆ ಹತ್ತಿದಾಗ, ಹವಾಲ್ದಾರರು ಮಾಡುತ್ತಿದ್ದ ಹಾಗೆ ಅಂಗೈಯನ್ನು ಅಡಿಗೆ ಕೊಟ್ಟು, ಕಣ್ಣು ಮುಚ್ಚಿ, ಒಂದು ಗೇಣು ಎತ್ತಿ ನೋಡಿದೆ.

ತಿಳಿಯಲಿಲ್ಲ.